ಸೋರುವ ರೇಡಿಯೇಟರು, ಕಾಲುವೆಯ ನೀರು

ಹಳೆಯ ಕಾರೊಂದರ ಎಂಜಿನ್ನಿನಿಂದ ಹನಿಯುವ ನೀರಿಗೂ ಪರಿಸರ ಚಳವಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ಅಣೆಕಟ್ಟು, ಗಣಿ, ನೆಡುತೋಪು, ಹೆದ್ದಾರಿ ವಿಸ್ತರಣೆ ಇವುಗಳ ಮುಂದೆ ರೇಡಿಯೇಟರಿನ ಸೋರಿಕೆ ಅತ್ಯಲ್ಪವಾಗಿ ಕಾಣುತ್ತದೆ. ಆದರೆ ಸೆಕೆಂಡಿಗೊಂದು ಹನಿಯಂತೆ ಸೋರಿದರೆ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರಿನ ಲೆಕ್ಕದಲ್ಲಿ, ಒಂದು ಹಗಲು ಒಂದು ರಾತ್ರಿಗೆ ನಾಲ್ಕು ಲೀಟರಿಗೂ ಹೆಚ್ಚು ದ್ರವ ನೆಲ ಸೇರುತ್ತದೆ. ಹೀಗೆ ಸೇರುವುದು ಬರಿಯ ನೀರಲ್ಲ. ಅದರಲ್ಲಿ ಗ್ಲೈಕಾಲ್ ಎಂಬ ಸಿಹಿಯಾದ ವಿಷವಿದೆ, ಹಳೆಯ ಬೆಸುಗೆಯಿಂದ ಕರಗಿಬಂದ ಸೀಸವಿದೆ, ತಾಮ್ರವಿದೆ. ಅದು ಬೀಳುವ ಜಾಗ ಮಂಡ್ಯ, ಮದ್ದೂರು, ಮಳವಳ್ಳಿಗಳಂತಹ ಕಾಲುವೆಯ ಸೀಮೆಯಾದರೆ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ.

ಈ ಮೂರು ತಾಲ್ಲೂಕುಗಳ ಬದುಕು ಮಲೆನಾಡಿನ ನೀರಿನ ಮೇಲೆ ನಿಂತಿದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಕಾವೇರಿ ಹಾಗೂ ಲಕ್ಷ್ಮಣತೀರ್ಥ, ಮೂಡಿಗೆರೆಯ ಸೀಮೆಯಲ್ಲಿ ಹುಟ್ಟುವ ಹೇಮಾವತಿ, ಇವೆಲ್ಲ ಕೃಷ್ಣರಾಜಸಾಗರದಲ್ಲಿ ಸೇರಿ, ಹುಲಿಕೆರೆಯ ಸುರಂಗವನ್ನು ದಾಟಿ, ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯದ ಬಯಲಿಗೆ ಇಳಿಯುತ್ತವೆ. ಅಲ್ಲಿ ಅದು ಕಬ್ಬಾಗುತ್ತದೆ, ಭತ್ತವಾಗುತ್ತದೆ, ದನಕರುಗಳಿಗೆ ಕುಡಿಯುವ ನೀರಾಗುತ್ತದೆ. ಬಸಿದು ಉಳಿದದ್ದು ಹಳ್ಳಗಳ ಹಾದಿಯಲ್ಲಿ ಶಿಂಷಾ ನದಿಗೆ ಸೇರಿ ಮದ್ದೂರು, ಮಳವಳ್ಳಿಗಳನ್ನು ಹಾದು ಮತ್ತೆ ಕಾವೇರಿಗೆ ಹೋಗುತ್ತದೆ. ಈ ಸೀಮೆಯಲ್ಲಿ ರಸ್ತೆ, ಕಾಲುವೆ, ಬಸಿಗಾಲುವೆ ಮೂರೂ ಅಕ್ಕಪಕ್ಕದಲ್ಲೇ ಹರಿಯುತ್ತವೆ. ರಸ್ತೆಬದಿಯ ಗ್ಯಾರೇಜಿನ ಅಂಗಳದಲ್ಲಿ ಚೆಲ್ಲಿದ್ದು ಮೊದಲ ಮಳೆಗೆ ಯಾವುದಾದರೊಂದು ನೀರಿನ ದಾರಿಯನ್ನು ಹಿಡಿಯಲೇಬೇಕು. ಶಿಂಷೆಯ ಸಮೀಪದ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ, ಆಲದ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಸುತ್ತಲಿನ ಕೆರೆಗಳ ಮೀನನ್ನೇ ನೆಚ್ಚಿವೆ. ಆ ನೀರು ಹೇಗಿರುತ್ತದೆ ಎಂಬುದು ಆ ಹಕ್ಕಿಗಳಿಗೂ ಸಂಬಂಧಿಸಿದ ವಿಚಾರವೇ.

ನಾಲೆಗೆ ಯಾರ ಹೆಸರಿದೆಯೋ ಆ ವಿಶ್ವೇಶ್ವರಯ್ಯನವರೇ ಭಾರತದಲ್ಲಿ ಮೋಟಾರು ಕಾರಿನ ಕಾರ್ಖಾನೆ ಸ್ಥಾಪಿಸಬೇಕೆಂದು 1930ರ ದಶಕದಲ್ಲಿ ಶ್ರಮಿಸಿದವರು ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಅದಕ್ಕಾಗಿ ಅವರು ಯೂರೋಪು, ಅಮೆರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ನೋಡಿಬಂದರು. ಬೆಂಗಳೂರಿನಲ್ಲಿ ಅದನ್ನು ನೆಲೆಗೊಳಿಸುವ ಯೋಜನೆ ಮಾಡಿದರು. ಬ್ರಿಟಿಷ್ ಸರಕಾರದ ಬೆಂಬಲ ದೊರೆಯಲಿಲ್ಲ. ಆ ಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ ಅವರು ಮುಂದೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಪದ್ಮಿನಿ ಕಾರು ಬಂದದ್ದು ಆ ಕಾರ್ಖಾನೆಯಿಂದ. ನೀರನ್ನು ಹರಿಸಿದ ತಲೆಯೇ ಕಾರನ್ನೂ ಬಯಸಿತ್ತು. ಎರಡನ್ನೂ ಜೊತೆಯಾಗಿ ನಿಭಾಯಿಸುವ ಹೊಣೆ ಮುಂದಿನವರ ಪಾಲಿಗೆ ಉಳಿಯಿತು.

ಎಂಜಿನ್ನಿಗೆ ನೀರೇಕೆ?

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಹೆಚ್ಚೆಂದರೆ ಮೂರನೆಯ ಒಂದು ಪಾಲು ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯ ಕೊಳವೆಯಿಂದ ಹೊರಹೋಗುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ರೇಡಿಯೇಟರಿಗೆ ತರುತ್ತದೆ. ಅಲ್ಲಿ ಗಾಳಿಗೆ ಬಿಡುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ನೀರಿಗೆ ಪಂಪು ಕೂಡ ಇರಲಿಲ್ಲ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ನಿಸರ್ಗದ ನಿಯಮವೇ ಸಾಕಾಗಿತ್ತು. ಮುಂದೆ ಎಂಜಿನ್ನಿನ ಬಲ ಹೆಚ್ಚಿದಂತೆ ಪಂಪು ಬಂದಿತು, ಥರ್ಮೋಸ್ಟಾಟ್ ಬಂದಿತು, ಒತ್ತಡವನ್ನು ಹಿಡಿದಿಡುವ ಮುಚ್ಚಳ ಬಂದಿತು.

ಈ ಮುಚ್ಚಳದ ಮಹತ್ವವನ್ನು ಬೆಟ್ಟದ ಜನ ವಿಶೇಷವಾಗಿ ತಿಳಿಯಬೇಕು. ಮೇಲೇರಿದಂತೆ ನೀರು ಕುದಿಯುವ ಉಷ್ಣತೆ ಇಳಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಹಳೆಯ ಕಾರಿನ ಮುಚ್ಚಳ ಸುಮಾರು ಅರ್ಧ ಕಿಲೋ ಒತ್ತಡವನ್ನು ಹಿಡಿದಿಟ್ಟರೆ ಬಯಲಿನಲ್ಲಿ ಕುದಿಯುವ ಮಟ್ಟ 110 ಡಿಗ್ರಿಯವರೆಗೆ ಏರುತ್ತದೆ. ಮುಚ್ಚಳದ ರಬ್ಬರು ಒಣಗಿ ಬಿರಿದರೆ ಈ ರಕ್ಷಣೆ ಹೋಗುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಜೀಪು ಉಗಿ ಉಗುಳುತ್ತ ನಿಂತಾಗ ಎಂಜಿನ್ನಿಗೆ ವಯಸ್ಸಾಯಿತೆಂದು ಹೇಳುವುದು ವಾಡಿಕೆ. ಎಷ್ಟೋ ವೇಳೆ ಅದಕ್ಕೆ ಕಾರಣ ಸವೆದುಹೋದ ಅಗ್ಗದ ಮುಚ್ಚಳವಷ್ಟೆ.

ಸಿಹಿಯಾದ ವಿಷ

ಕೂಲೆಂಟ್ ಎಂದು ಅಂಗಡಿಯಲ್ಲಿ ಮಾರುವ ಬಣ್ಣದ ದ್ರವದ ಮುಖ್ಯ ಪದಾರ್ಥ ಎಥಿಲೀನ್ ಗ್ಲೈಕಾಲ್. ಅದು ನೀರಿನ ಕುದಿಯುವ ಮಟ್ಟವನ್ನು ಏರಿಸುತ್ತದೆ, ಹೆಪ್ಪುಗಟ್ಟುವ ಮಟ್ಟವನ್ನು ಇಳಿಸುತ್ತದೆ; ಅದರೊಡನೆ ಬೆರೆಸಿದ ರಾಸಾಯನಿಕಗಳು ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತವೆ. ಕಬ್ಬಿನ ನಾಡಿನವರಿಗೆ ಇದರೊಡನೆ ಒಂದು ನಂಟೂ ಇದೆ. ಉತ್ತರಾಖಂಡದ ಕಾಶೀಪುರದ ಕಾರ್ಖಾನೆಯೊಂದು ಕಬ್ಬಿನ ಕಾಕಂಬಿಯಿಂದ ಬರುವ ಮದ್ಯಸಾರವನ್ನೇ ಬಳಸಿ ಈ ಗ್ಲೈಕಾಲನ್ನು ತಯಾರಿಸುತ್ತ ಬಂದಿದೆ.

ಅದರ ರುಚಿಯೂ ಸಿಹಿ. ಅಪಾಯವಿರುವುದು ಅಲ್ಲಿಯೇ. ಮಕ್ಕಳಿಗೂ ನಾಯಿಗಳಿಗೂ ಆ ಸಿಹಿ ಹಿಡಿಸುತ್ತದೆ. ಮೂರು ಕಿಲೋ ತೂಕದ ಬೆಕ್ಕನ್ನು ಕೊಲ್ಲಲು ಅಪ್ಪಟ ಗ್ಲೈಕಾಲಿನ ಒಂದು ಚಹಾ ಚಮಚೆ ಸಾಕು. ವಯಸ್ಕ ಮನುಷ್ಯನಿಗೆ ಸುಮಾರು 100 ಮಿಲಿಲೀಟರ್ ಮಾರಕ. ಯಕೃತ್ತಿನಲ್ಲಿ ಅದು ಆಮ್ಲಗಳಾಗಿ ಮಾರ್ಪಡುತ್ತದೆ. ಕೊನೆಗೆ ಆಕ್ಸಾಲಿಕ್ ಆಮ್ಲವು ಸುಣ್ಣದ ಅಂಶದೊಡನೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಮೊದಲ ಕೆಲವು ಗಂಟೆ ಅಮಲೇರಿದಂತೆ ತೋರಿ, ಒಂದೆರಡು ದಿನಗಳಲ್ಲಿ ಮೂತ್ರ ಕಟ್ಟುತ್ತದೆ. ಬೇಗನೆ ಆಸ್ಪತ್ರೆಗೆ ಮುಟ್ಟಿಸಿದರೆ ಚಿಕಿತ್ಸೆಯಿದೆ. ತಡವಾದರೆ ಉಳಿಸುವುದು ಕಷ್ಟ. ಇದೇ ಕುಟುಂಬದ ಇನ್ನೊಂದು ರಾಸಾಯನಿಕವಾದ ಡೈಎಥಿಲೀನ್ ಗ್ಲೈಕಾಲ್ ಹಾಗೂ ಎಥಿಲೀನ್ ಗ್ಲೈಕಾಲುಗಳು ಕೆಮ್ಮಿನ ಔಷಧಿಯಲ್ಲಿ ಬೆರೆತು 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿಗೆ ಕಾರಣವಾದುವೆಂಬ ಸುದ್ದಿ ಜಗತ್ತನ್ನೇ ಕಲಕಿತ್ತು.

ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಗ್ಲೈಕಾಲ್ ಕೀಟನಾಶಕಗಳಂತೆ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುವ ವಸ್ತುವಲ್ಲ. ಸೂಕ್ಷ್ಮಜೀವಿಗಳು ಅದನ್ನು ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಒಡೆಯುತ್ತವೆ. ತುಂಬಿ ಹರಿಯುವ ನಾಲೆಗೆ ಒಂದು ಲೀಟರ್ ಬಿದ್ದರೆ ಅದು ಪತ್ತೆಯಾಗದಷ್ಟು ತೆಳುವಾಗುತ್ತದೆ. ಆದರೆ ಒಡೆಯುವಾಗ ಅದು ನೀರಿನ ಆಮ್ಲಜನಕವನ್ನು ಹೀರುತ್ತದೆ. ಬೇಸಿಗೆಯಲ್ಲಿ ನಿಂತ ಚರಂಡಿಗೂ ಸಣ್ಣ ಕಟ್ಟೆಗೂ ಅದು ಹೊರೆ. ಗ್ಯಾರೇಜಿನ ಮುಂದಿನ ಗುಂಡಿಯಲ್ಲಿ ತೆಳುವಾಗದೆ ನಿಂತ ದ್ರವವಂತೂ ನೇರ ಅಪಾಯ. ಇವೆಲ್ಲಕ್ಕಿಂತ ಮುಖ್ಯವಾದುದು ಸೀಸ. ಹಳೆಯ ರೇಡಿಯೇಟರುಗಳು ತಾಮ್ರ ಹಿತ್ತಾಳೆಗಳಿಂದ ಮಾಡಿ ಸೀಸ ಬೆರೆತ ಬೆಸುಗೆ ಹಾಕಿದವು. ವರ್ಷಗಟ್ಟಲೆ ಒಳಗೆ ಸುತ್ತಿದ ದ್ರವದಲ್ಲಿ ಈ ಲೋಹಗಳು ಕರಗಿರುತ್ತವೆ. ಗ್ಲೈಕಾಲ್ ಒಡೆದು ಹೋದರೂ ಸೀಸ ಹೋಗುವುದಿಲ್ಲ. ಅದು ಮಣ್ಣಿನಲ್ಲೇ ಕೂಡುತ್ತ ಹೋಗುತ್ತದೆ.

ತಾಮ್ರದ ವಿಷಯದಲ್ಲಿ ಮಲೆನಾಡಿನವರು ಬಯಲಿನವರತ್ತ ಬೆರಳು ತೋರಿಸುವಂತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಈ ಬೆಟ್ಟಗಳಲ್ಲಿ ಬಳಕೆಗೆ ತಂದ ವಿಜ್ಞಾನಿ ಲೆಸ್ಲಿ ಕೋಲ್‌ಮನ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಅವರೇ 1933ರ ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೂ ದುಡಿದವರು. ಶತಮಾನಕ್ಕೂ ಹೆಚ್ಚು ಕಾಲದಿಂದ ಮೈಲುತುತ್ತ ತೋಟಗಳ ಮಣ್ಣಿಗೆ ಇಳಿಯುತ್ತಲೇ ಇದೆ. ಬೆಳೆಯನ್ನು ಉಳಿಸಲು ಬಳಸಿದ ಲೋಹಕ್ಕಾದರೂ ಒಂದು ಸಮರ್ಥನೆಯಿದೆ. ಅಜಾಗರೂಕತೆಯಿಂದ ಚೆಲ್ಲಿದ ಲೋಹಕ್ಕೆ ಅದೂ ಇಲ್ಲ.

ಸೋರಿಕೆ ಎಲ್ಲಿ, ರಿಪೇರಿ ಹೇಗೆ?

ಸೋರಿಕೆಯನ್ನು ಹುಡುಕುವುದು ತಾಳ್ಮೆಯ ಕೆಲಸ. ಎಂಜಿನ್ನು ಪೂರ್ತಿ ತಣ್ಣಗಾದ ಬಳಿಕವೇ ಮುಚ್ಚಳ ತೆಗೆಯಬೇಕು. ಬಿಸಿಯಿರುವಾಗ ತೆಗೆದರೆ ಚಿಮ್ಮುವ ನೀರು ಮುಖವನ್ನೇ ಸುಡುತ್ತದೆ. ರಾತ್ರಿ ಗಾಡಿಯ ಕೆಳಗೆ ಒಣ ರಟ್ಟನ್ನು ಹಾಸಿದರೆ ಬೆಳಿಗ್ಗೆ ಹನಿ ಬಿದ್ದ ಜಾಗ ತಾನೇ ತಿಳಿಯುತ್ತದೆ. ಹೆಚ್ಚಿನ ಸೋರಿಕೆಗಳು ಅಗ್ಗದ ಭಾಗಗಳಲ್ಲೇ ಇರುತ್ತವೆ: ಒಣಗಿದ ಹೋಸ್ ಪೈಪು, ಸಡಿಲಾದ ಕ್ಲಿಪ್ಪು, ಥರ್ಮೋಸ್ಟಾಟ್ ಕೂಡುವ ಜಾಗದ ಗ್ಯಾಸ್ಕೆಟ್. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ಇಳಿಯುತ್ತಿದ್ದರೆ ಒಳಗಿನ ಸೀಲು ಸವೆದಿದೆಯೆಂದು ಅರ್ಥ. ಆ ತೂತನ್ನು ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ. ಆದ್ದರಿಂದ ಪಂಪನ್ನೇ ಸರಿಪಡಿಸಬೇಕು. ಎರಕದ ಕಬ್ಬಿಣದ ಎಂಜಿನ್ನಿನ ಪಕ್ಕದಲ್ಲಿ ಬಿರಡೆಯಂತೆ ಬಡಿದು ಕೂರಿಸಿದ ತಗಡಿನ ಬಿಲ್ಲೆಗಳು ಒಳಗಿನಿಂದ ತುಕ್ಕು ತಿಂದು ತೂತಾಗುವುದೂ ಉಂಟು. ಹೊರಗೆ ಎಲ್ಲಿಯೂ ಹನಿಯದೆ ನೀರು ಕಡಿಮೆಯಾಗುತ್ತಿದ್ದು, ಹೊಗೆ ಬೆಳ್ಳಗೆ ಬರುತ್ತ, ಎಣ್ಣೆಯ ಬಣ್ಣ ಹಾಲು ಬೆರೆತ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಶಂಕಿಸಬೇಕು. ಆಗ ಎಂಜಿನ್ನನ್ನು ಓಡಿಸಬಾರದು.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು, ಮೊಟ್ಟೆಯ ಬಿಳಿಯನ್ನು ಸುರಿಯುವುದು ಇವು ಹಳೆಯ ಚಾಲಕರ ಉಪಾಯಗಳು. ಕಾಡಿನ ನಡುವೆ ಕೈಕೊಟ್ಟ ಗಾಡಿಯನ್ನು ಊರು ಮುಟ್ಟಿಸಲು ಇವು ನೆರವಾಗಬಹುದು. ಆದರೆ ತೂತನ್ನು ಮುಚ್ಚುವ ಪುಡಿ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವದ ಗುಣವೂ ಬೇರೆಯಲ್ಲ. ಸರಿಯಾದ ಕೆಲಸವೆಂದರೆ ರೇಡಿಯೇಟರನ್ನು ಬಿಚ್ಚಿ, ಮೇಲಿನ ತೊಟ್ಟಿಯನ್ನು ತೆರೆದು, ಕೊಳವೆಗಳಲ್ಲಿ ಕಡ್ಡಿ ಆಡಿಸಿ, ತೂತಿಗೆ ಬೆಸುಗೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿ ಪರೀಕ್ಷಿಸುವುದು. ತಾಮ್ರ ಹಿತ್ತಾಳೆಯ ರೇಡಿಯೇಟರಿಗೆ ಹೀಗೆ ಮತ್ತೆ ಮತ್ತೆ ಜೀವ ಬರುತ್ತದೆ. ಇತ್ತೀಚಿನ ಕಾರುಗಳಲ್ಲಿ ಅಲ್ಯೂಮಿನಿಯಮ್ ಕೋಶಕ್ಕೆ ಪ್ಲಾಸ್ಟಿಕ್ ತೊಟ್ಟಿಯನ್ನು ಅದುಮಿ ಕೂಡಿಸಿರುತ್ತಾರೆ. ಅದು ಒಡೆದರೆ ಸಾಮಾನ್ಯವಾಗಿ ಇಡಿಯಾಗಿ ಎಸೆದು ಹೊಸದನ್ನು ಹಾಕಬೇಕು. ಹಳೆಯ ಯಂತ್ರದ ಈ ಒಂದು ಗುಣವನ್ನಾದರೂ ಪರಿಸರವಾದಿಗಳು ಗುರುತಿಸಬೇಕು.

ಸೋರಿಕೆಯ ಬೇರು ಬಹಳ ಸಲ ನೀರಿನಲ್ಲೇ ಇರುತ್ತದೆ. ಮದ್ದೂರು, ಮಳವಳ್ಳಿಗಳ ಒಣಭಾಗದ ಕೊಳವೆಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವ ನೀರು ಎಂಜಿನ್ನಿನ ಒಳಗೂ ಅದೇ ಪದರವನ್ನು ಕಟ್ಟುತ್ತದೆ. ಪದರ ಕಟ್ಟಿದಲ್ಲಿ ಶಾಖ ಇಳಿಯದು. ಶಾಖ ಇಳಿಯದಲ್ಲಿ ಗ್ಯಾಸ್ಕೆಟ್ ಸುಡುತ್ತದೆ. ಇದಕ್ಕೆ ದುಬಾರಿ ಪರಿಹಾರ ಬೇಕಿಲ್ಲ. ಬಟ್ಟಿ ಇಳಿಸಿದ ನೀರು, ಅದಿಲ್ಲದಿದ್ದರೆ ಹೆಂಚಿನ ಮಾಡಿನಿಂದ ಹಿಡಿದು ಸೋಸಿದ ಶುದ್ಧ ಮಳೆನೀರು ಸಾಕು. ಮಳೆಕೊಯ್ಲಿನ ಉಪಯೋಗಗಳಲ್ಲಿ ಇದನ್ನೂ ಒಂದಾಗಿ ಎಣಿಸಬಹುದು. ಹಿಮ ಬೀಳದ ಈ ನಾಡಿನಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ಆದ್ದರಿಂದ ಎರಕದ ಕಬ್ಬಿಣದ ಹಳೆಯ ಎಂಜಿನ್ನಿಗೆ ಅರ್ಧಕ್ಕರ್ಧ ಗ್ಲೈಕಾಲ್ ಸುರಿಯುವ ಅಗತ್ಯ ಕಾಣದು; ಮೆದು ನೀರು, ತುಕ್ಕು ತಡೆಯುವ ದ್ರಾವಣ, ಮಿತವಾದ ಗ್ಲೈಕಾಲ್ ಸಾಕು. ಹೊಸ ಅಲ್ಯೂಮಿನಿಯಮ್ ಎಂಜಿನ್ನುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವುಗಳಿಗೆ ತಯಾರಕರ ಸೂಚನೆಯೇ ಪ್ರಮಾಣ.

ವಯಸ್ಸು ರೋಗವಲ್ಲ

ಕಾನೂನು ಈ ಪ್ರಶ್ನೆಯನ್ನು ಬೇರೆಯ ಕಡೆಯಿಂದ ನೋಡುತ್ತದೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇತ್ತ 50 ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ 2021ರ ನಿಯಮಗಳು ವಿಂಟೇಜ್ ಎಂಬ ಮನ್ನಣೆ ನೀಡಿವೆ. ಅವುಗಳನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಧರ್ಮಸ್ಥಳದ ಧರ್ಮಾಧಿಕಾರಿಗಳು ಕೂಡಿಸಿದ ಹಳೆಯ ಕಾರುಗಳ ಸಂಗ್ರಹ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದ ‘ಪಯಣ’ ಸಂಗ್ರಹಾಲಯದಲ್ಲಿ ಇಂದು ಜನರಿಗೆ ನೋಡಲು ಸಿಗುತ್ತದೆ. ಆದರೆ ಸಂಗ್ರಹಾಲಯಕ್ಕೆ ಸೇರುವಷ್ಟು ಹಳೆಯದಲ್ಲದ, ಗುಜರಿಗೆ ಹೋಗುವಷ್ಟು ಕೆಡದ ಗಾಡಿಗಳ ಸಂಖ್ಯೆಯೇ ಹೆಚ್ಚು. ಅಂಬಾಸಿಡರ್ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಆ ಕಾರುಗಳು, ಹಳೆಯ ಜೀಪುಗಳು, ಟ್ರಾಕ್ಟರುಗಳು, ಡೀಸೆಲ್ ಪಂಪುಸೆಟ್ಟುಗಳು ಹಳ್ಳಿಗಳಲ್ಲಿ ಇನ್ನೂ ಬಹುಕಾಲ ದುಡಿಯಲಿವೆ.

ಹಳೆಯ ಗಾಡಿಯ ಹೊಗೆ ಕೆಟ್ಟದ್ದು ಎಂಬ ಆಕ್ಷೇಪ ನ್ಯಾಯವಾದುದು. 2020ರ ಏಪ್ರಿಲಿನಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡದ ಕಾರಿನೊಡನೆ ಹೋಲಿಸಿದರೆ ಹಳೆಯ ಕಾರ್ಬ್ಯುರೇಟರ್ ಎಂಜಿನ್ನು ಪ್ರತಿ ಕಿಲೋಮೀಟರಿಗೆ ಹಲವು ಪಟ್ಟು ಹೆಚ್ಚು ಮಲಿನ ಹೊಗೆಯನ್ನು ಬಿಡುತ್ತದೆ. ಪ್ರತಿದಿನ ಪೇಟೆಯಲ್ಲಿ ನೂರಾರು ಮೈಲಿ ಓಡುವ ಗಾಡಿಯ ವಿಷಯದಲ್ಲಿ ಹಳೆಯದನ್ನೇ ಉಳಿಸಿಕೊಳ್ಳಿ ಎಂದು ವಾದಿಸುವುದು ತಪ್ಪು. ಆದರೆ ವಾರಕ್ಕೊಮ್ಮೆ ಸಂತೆಗೋ ಆಸ್ಪತ್ರೆಗೋ ಹೋಗಿಬರುವ ಗಾಡಿಯ ಲೆಕ್ಕ ಬೇರೆ. ಹೊಸ ಕಾರಿನ ಉಕ್ಕು, ಅಲ್ಯೂಮಿನಿಯಮ್, ಪ್ಲಾಸ್ಟಿಕ್ಕುಗಳೂ ಎಲ್ಲೋ ಒಂದು ಬೆಟ್ಟವನ್ನು ಅಗೆದೇ ಬಂದವು. ಕುದುರೆಮುಖದ ಗಣಿಗಾರಿಕೆಯನ್ನು ಕಂಡ ಮಲೆನಾಡಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಗಾಡಿಯನ್ನು ಅಳೆಯಬೇಕಾದದ್ದು ಅದರ ಸ್ಥಿತಿಯಿಂದ. ಹೊಗೆ ಎಷ್ಟು, ಸೋರಿಕೆ ಎಷ್ಟು ಎಂದು ಪರೀಕ್ಷಿಸಿ ನಿರ್ಧರಿಸಬೇಕು. ಹುಟ್ಟಿದ ದಿನಾಂಕವೊಂದನ್ನೇ ನೋಡಿ ಅಲ್ಲ. ಹೊಗೆಗೆ ತಪಾಸಣೆಯ ಪತ್ರವಿದೆ. ಸೋರುವ ಎಣ್ಣೆ, ಕೂಲೆಂಟುಗಳನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡುವುದು ಏಕೆ ಬೇಡ?

ರಿಪೇರಿಯ ಕೈಗಳು

ರಿಪೇರಿ ಉಳಿಯಬೇಕಾದರೆ ರಿಪೇರಿ ಮಾಡುವವರು ಉಳಿಯಬೇಕು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು, ಮಂಡ್ಯಗಳನ್ನು ಬದಿಗಿಟ್ಟು ಸಾಗುತ್ತದೆ. ಹಳೆಯ ರಸ್ತೆಯಲ್ಲಿ ಬಿಸಿಯೇರಿ ನಿಂತ ಗಾಡಿಗಳನ್ನು ನೆಚ್ಚಿದ್ದ ಮೆಕ್ಯಾನಿಕ್ಕುಗಳು, ರೇಡಿಯೇಟರ್ ಬೆಸುಗೆಯವರು, ಟೀ ಅಂಗಡಿಯವರು ಈಗ ದಾರಿಯಿಂದ ದೂರವಾಗಿದ್ದಾರೆ. ಬೆಸುಗೆಯ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಕಲಿಯುವ ಹುಡುಗರಿಲ್ಲದಿದ್ದರೆ ಒಂದು ತಲೆಮಾರಿಗೆ ಅದು ಮುಗಿಯುತ್ತದೆ. ಅದು ಮುಗಿದ ದಿನ ಸೋರುವ ಪ್ರತಿಯೊಂದು ರೇಡಿಯೇಟರೂ ಗುಜರಿಯೇ.

ಅದೇ ಮೆಕ್ಯಾನಿಕ್ಕುಗಳ ಮೇಲೆ ಒಂದು ಹೊಣೆಯೂ ಇದೆ. ಹಳೆಯ ಎಂಜಿನ್ ಎಣ್ಣೆಗೆ ಬೆಲೆಯಿದೆ, ಕೊಳ್ಳುವವರಿದ್ದಾರೆ. ಆದ್ದರಿಂದ ಅದು ಡಬ್ಬಿ ಸೇರುತ್ತದೆ. ಹಳೆಯ ಕೂಲೆಂಟಿಗೆ ಬೆಲೆಯಿಲ್ಲ. ಅದು ಚರಂಡಿ ಸೇರುತ್ತದೆ. 2025ರ ಏಪ್ರಿಲಿನಿಂದ ಜಾರಿಗೆ ಬಂದ ಆಯುಸ್ಸು ಮುಗಿದ ವಾಹನಗಳ ನಿಯಮಗಳು ತಯಾರಕರ ಮೇಲೂ ಗುಜರಿ ಕೇಂದ್ರಗಳ ಮೇಲೂ ಹೊಣೆ ಹೊರಿಸುತ್ತವೆ. ಇನ್ನೂ ಓಡುತ್ತಿರುವ ಗಾಡಿಯಿಂದ ಹಳ್ಳಿಯ ಗ್ಯಾರೇಜಿನಲ್ಲಿ ಇಳಿಸಿದ ಐದು ಲೀಟರ್ ಮಾತ್ರ ಅನಾಥ. ಕೂಲೆಂಟ್ ಮಾರುವ ಕಂಪನಿಗಳೇ ಅದನ್ನು ಮರಳಿ ಪಡೆಯುವ ವ್ಯವಸ್ಥೆ ಮಾಡಬೇಕೆಂದು ಒತ್ತಾಯಿಸುವುದು ನ್ಯಾಯ. ಅಮೆರಿಕದ ಆರೆಗಾನ್, ಕ್ಯಾಲಿಫೋರ್ನಿಯಾ ರಾಜ್ಯಗಳಂತೆ ಗ್ಲೈಕಾಲಿಗೆ ಕಹಿ ಪದಾರ್ಥ ಬೆರೆಸುವುದನ್ನು ಇಲ್ಲಿಯೂ ಕಡ್ಡಾಯಗೊಳಿಸಬೇಕು. ಅದು ಒಂದೆರಡು ರೂಪಾಯಿಯ ಖರ್ಚು, ಉಳಿಯುವುದು ಜೀವ.

ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಹೋಸ್ ಪೈಪು ಬದಲಿಸುವಾಗ ಕೆಳಗೆ ಶುಭ್ರವಾದ ಬೋಗುಣಿಯಿಟ್ಟರೆ ಇಳಿದ ದ್ರವವನ್ನು ಸೋಸಿ ಅದೇ ಎಂಜಿನ್ನಿಗೆ ಹಾಕಬಹುದು. ಕೆಟ್ಟಿದ್ದರೆ ಎಣ್ಣೆಯೊಡನೆ ಬೆರೆಸದೆ, ಮಕ್ಕಳ ಕೈಗೆ ಎಟುಕದಂತೆ, ವಿಷವೆಂದು ಬರೆದ ಬಿಗಿ ಮುಚ್ಚಳದ ಕ್ಯಾನಿನಲ್ಲಿ ಇಡಬೇಕು. ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ತುಂಬಿಡಬಾರದು. ಪ್ರತಿಯೊಂದು ಜೀಪು ನಿಲ್ದಾಣದಲ್ಲೂ ಪಂಚಾಯಿತಿಯೊಂದು ಡ್ರಮ್ಮನ್ನು ಇರಿಸಿ, ತುಂಬಿದಾಗ ಜಿಲ್ಲಾ ಕೇಂದ್ರದ ಅಧಿಕೃತ ವಿಲೇವಾರಿದಾರರಿಗೆ ಒಪ್ಪಿಸುವುದು ಅಸಾಧ್ಯವೇನಲ್ಲ. ಮಂಡ್ಯದ ಎಂಜಿನಿಯರಿಂಗ್ ಕಾಲೇಜು, ಐ.ಟಿ.ಐ.ಗಳ ವಿದ್ಯಾರ್ಥಿಗಳು ರೇಡಿಯೇಟರ್ ಬೆಸುಗೆಯವರ ಬಳಿ ಕೆಲವು ದಿನ ಕುಳಿತು ಆ ವಿದ್ಯೆಯನ್ನು ಬರೆದಿಡಬಹುದು. ಬೆಟ್ಟದ ಶಾಲೆಗಳ ಮಕ್ಕಳು ತಮ್ಮೂರಿನ ಗ್ಯಾರೇಜಿನ ಚರಂಡಿ ಯಾವ ಹಳ್ಳಕ್ಕೆ, ಆ ಹಳ್ಳ ಯಾವ ಹೊಳೆಗೆ ಸೇರುತ್ತದೆಂದು ನಕ್ಷೆ ಬರೆಯಬಹುದು.

ಆ ನಕ್ಷೆಯ ಗೆರೆ ಹೇಮಾವತಿಯನ್ನೋ ಕಾವೇರಿಯನ್ನೋ ಹಿಡಿದರೆ ಅದು ಕೊನೆಗೆ ಮಳವಳ್ಳಿಯ ಗದ್ದೆಯೊಂದರ ಬದುವಿಗೆ ಮುಟ್ಟುತ್ತದೆ. ಬಯಲಿನ ಗ್ಯಾರೇಜಿನವನು ತನ್ನ ಚರಂಡಿಯನ್ನು ಕಾಯಬೇಕೆಂದು ಮಲೆನಾಡು ಕೇಳಬಹುದಾದರೆ, ಘಾಟಿಯ ತಿರುವಿನಲ್ಲಿ ನಿಂತು ಬಿಸಿ ಕೂಲೆಂಟನ್ನು ತೊರೆಯ ಅಂಚಿಗೆ ಚೆಲ್ಲುವ ಜೀಪಿನವನನ್ನು ಮೊದಲು ತಡೆಯಬೇಕಾದದ್ದೂ ಮಲೆನಾಡೇ. ಅದಕ್ಕೆ ಬೇಕಾದುದು ಒಂದು ಹೊಸ ಕ್ಲಿಪ್ಪು, ಒಂದು ಮುಚ್ಚಳ, ಒಂದು ಬೋಗುಣಿ ಮತ್ತು ಅರ್ಧ ದಿನದ ವ್ಯವಧಾನ.